ಭಾವನ ಥಾಯ್ ಭಾಷೆ, ಸಾಹೇಬರ ಗಾಲ್ಫು

ನಮ್ಮ ಭಾವನಿಗೆ ಹನ್ನೊಂದು ಭಾಷೆ ಬರುತ್ತದೆ. ಒಂದರಲ್ಲಾದರೂ ಸುಮ್ಮನಿರಲು ಬರುತ್ತದೆಯೇ ಎಂದು ಕೇಳಿ ನೋಡಿ. ಉಹುಂ, ಅದೊಂದು ಮಾತ್ರ ಬರುವುದಿಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಉಡುಪಿ ಕಡೆ, ಮನೆ ಅಲ್ ಹೈಲ್‌ನಲ್ಲಿ. ಒಮಾನಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ನನ್ನನ್ನು ಇಲ್ಲಿಗೆ ಕರೆಸಿ, ಎಣ್ಣೆಬಾವಿಗಳಿಗೆ ಪೈಪು ಹಾಕುವ ತಮ್ಮ ಕಂಪನಿಯಲ್ಲೇ ಕೆಲಸ ಕೊಡಿಸಿದವರೂ ಅವರೇ. ಅವರದು ಟ್ರಾವೆಲ್ ಡೆಸ್ಕು, ಅಂದರೆ ಬೇರೆಯವರಿಗೆ ಟಿಕೆಟ್ ಮಾಡಿಸಿ ತಾವು ಕುರ್ಚಿಯಲ್ಲೇ ಕೂರುವುದು. ನನ್ನದು ಎಚ್.ಆರ್. ಗುಮಾಸ್ತಿಕೆ.

ಭಾವ ಭಾಷೆ ಕಲಿಯುವ ಕ್ರಮವೇ ಬೇರೆ. ಲೋಕವೆಲ್ಲ "ನಮಸ್ಕಾರ", "ಬೆಲೆ ಎಷ್ಟು" ಎಂಬಲ್ಲಿಂದ ಶುರು ಮಾಡಿದರೆ ಇವರು "ಊಟ ಆಯ್ತಾ?" ಎಂಬಲ್ಲಿಂದ ಶುರು ಮಾಡುತ್ತಾರೆ. ನಮ್ಮ ಕಡೆ ಅದು ಪ್ರಶ್ನೆಯೇ ಅಲ್ಲ. ಎದುರಿಗೆ ಸಿಕ್ಕವರನ್ನು ಮಾತನಾಡಿಸುವ ಒಂದು ರೀತಿ, ಅಷ್ಟೇ. ಹೊಟ್ಟೆ ಚುರುಗುಟ್ಟುತ್ತಿದ್ದರೂ "ಆಯ್ತು" ಎನ್ನಬೇಕು, ಮುಂದೆ ಹೋಗಬೇಕು. ಆದರೆ ಪ್ರಪಂಚದವರೆಲ್ಲ ನಮ್ಮ ಕಡೆಯವರೇ? ಒಮ್ಮೆ ಬರ್ಕಾದ ಮೀನು ಮಾರುಕಟ್ಟೆಯಲ್ಲಿ ಮೀನಿನವನನ್ನು ಅವನ ಬಲೂಚಿ ಭಾಷೆಯಲ್ಲೇ "ಊಟ ಆಯ್ತಾ?" ಎಂದು ಕೇಳಿದರು. ಪಾಪ, ಅವನು ಸತ್ಯವಂತ, "ಇಲ್ಲ" ಎಂದುಬಿಟ್ಟ. ಇಲ್ಲ ಎಂದ ಮೇಲೆ ಬಿಡುವುದುಂಟೇ! ಭಾವ ಅವನನ್ನು ಎದುರಿನ ಹೋಟೆಲಿಗೆ ಎಳೆದುಕೊಂಡು ಹೋಗಿ ಬಿರಿಯಾನಿ ತಿನ್ನಿಸಿದರು. ಅಕ್ಕ ಕಾರಿನಲ್ಲಿ ಬೆವರುತ್ತ ಕೂತಿದ್ದಳು. ಇಬ್ಬರೂ ಹಲ್ಲಿಗೆ ಕಡ್ಡಿಯಾಡಿಸುತ್ತ ಬರುವಷ್ಟರಲ್ಲಿ ಪಕ್ಕದಂಗಡಿಯವನು ಅಂಜಲ್ ಮೀನೆಲ್ಲ ಮಾರಿ ಮುಗಿಸಿದ್ದ. ಆ ದಿನ ಅಕ್ಕನ ಮನೆಯಲ್ಲಿ ಬೇಳೆ ಸಾರು.

ಇನ್ನೊಮ್ಮೆ ಸುವೈಕ್ ಹತ್ತಿರ ಕಾರು ಕೆಟ್ಟಿತು. ಮೆಕ್ಯಾನಿಕನನ್ನು ಹುಡುಕಿ ತರುತ್ತೇನೆಂದು ಹೋದವರು, ಎರಡು ಗಂಟೆಯ ನಂತರ ಒಬ್ಬ ತೋಟದ ಯಜಮಾನನ ಪಿಕಪ್ಪಿನಲ್ಲಿ ಬಂದಿಳಿದರು. ಜೊತೆಗೆ ಒಂದು ಮೂಟೆ ಒಣನಿಂಬೆ.

"ಮೆಕ್ಯಾನಿಕ್ ಎಲ್ಲಿ?" ಎಂದಳು ಅಕ್ಕ.

"ಅಯ್ಯೋ, ಅದು ಕೇಳ್ಲಿಕ್ಕೇ ಮರೆತುಹೋಯ್ತು ಮಾರಾಯ್ತಿ!"

ಹೀಗೆ ನಗುನಗುತ್ತ ಇದ್ದಾಗಲೇ ಎಣ್ಣೆಯ ಬೆಲೆ ನೆಲ ಕಚ್ಚಿತು. ಗಲ್ಫಿನಲ್ಲಿ ಎಣ್ಣೆ ಬೆಲೆ ಇಳಿದದ್ದು ಮೊದಲು ಗೊತ್ತಾಗುವುದು ಪೇಪರಿನಲ್ಲಿ ಅಲ್ಲ, ಆಫೀಸಿನ ಚಹಾದಲ್ಲಿ. ಮೊದಲು ಬಿಸ್ಕತ್ತು ನಿಂತಿತು, ಆಮೇಲೆ ಹಾಲು ನಿಂತು ಕರಿಚಹಾ ಬಂತು, ಕೊನೆಗೆ "ಚಹಾ ಮನೆಯಲ್ಲೇ ಕುಡಿದು ಬನ್ನಿ" ಎಂಬ ಸುತ್ತೋಲೆ. ಟ್ಯೂಬ್‌ಲೈಟುಗಳಲ್ಲಿ ಒಂದು ಬಿಟ್ಟು ಒಂದನ್ನು ಕಿತ್ತರು. ಅದಾದ ಮೇಲೆ ಮನುಷ್ಯರ ಸರದಿ.

ಒಂದು ಭಾನುವಾರ, ಅಂದರೆ ಇಲ್ಲಿನ ವಾರದ ಮೊದಲ ಕೆಲಸದ ದಿನ, ಹೆಡ್ ಆಫೀಸು ನನ್ನ ಕೈಗೊಂದು ಕೈಬರಹದ ಪಟ್ಟಿ ಕೊಟ್ಟು ಟೈಪ್ ಮಾಡಲು ಹೇಳಿತು. ಮನೆಗೆ ಕಳಿಸಬೇಕಾದವರ ಪಟ್ಟಿ. ಆರು ಹೆಸರು ಟೈಪ್ ಮಾಡಿದೆ. ಏಳನೆಯದು ನಮ್ಮ ಭಾವನದು! ಟ್ರಾವೆಲ್ ಡೆಸ್ಕನ್ನೇ ಮುಚ್ಚುತ್ತಾರಂತೆ. ಪ್ರಯಾಣ ಮಾಡುವವರೇ ಇಲ್ಲದ ಮೇಲೆ ಟಿಕೆಟ್ ಮಾಡಿಸುವವರೇಕೆ, ನ್ಯಾಯವೇ. ಆದರೆ ಇಲ್ಲಿ ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಬೇಕು. ಅವರ ಮಗಳು ಹತ್ತನೆಯ ತರಗತಿ, ಬೋರ್ಡ್ ಪರೀಕ್ಷೆಗೆ ನಾಲ್ಕೇ ತಿಂಗಳು. ಯಾರ ಹತ್ತಿರವೂ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಮುಂದಿನ ಹೆಸರು ನನ್ನದೇ. ನಾನು ಏಳನೆಯ ಹೆಸರನ್ನೂ ಟೈಪ್ ಮಾಡಿದೆ. ಅನ್ನ ಹಾಕಿದ ಮನೆಯವರ ಹೆಸರನ್ನು ಈ ಕೈಯಿಂದಲೇ ಟೈಪ್ ಮಾಡಿದೆ.

ಪಟ್ಟಿಗೆ ಸಹಿ ಹಾಕಬೇಕಾದವರು ನಮ್ಮ ಜಿ.ಎಂ. ಸಾಹೇಬರು, ಮೈಸೂರಿನವರು. ಅವರು ಪಟ್ಟಿಯ ಲಕೋಟೆಯನ್ನು ಒಡೆಯದೆಯೇ ಡ್ರಾಯರಿಗೆ ಹಾಕಿದರು. "ಥಾಯ್ಲೆಂಡಿಂದ ಬಂದ್ಮೇಲೆ ನೋಡೋಣ ಕಣ್ರೀ. ಕಾಂಟ್ರ್ಯಾಕ್ಟ್ ಉಳಿದ್ರೆ ಪಟ್ಟಿ ಚಿಕ್ಕದಾಗತ್ತೆ," ಎಂದರು.

ಥಾಯ್ಲೆಂಡ್ ಏಕೆ ಎಂದಿರಾ? ನಮಗೆ ಕೆಲಸ ಕೊಡುತ್ತಿದ್ದ ಎಣ್ಣೆ ಕಂಪನಿಯ ದೊಡ್ಡ ಅಧಿಕಾರಿಗೆ ಗಾಲ್ಫಿನ ಹುಚ್ಚು. ಅವರನ್ನೂ ಅವರ ಗೆಳೆಯರನ್ನೂ ನಾಲ್ಕು ದಿನ ಅಲ್ಲಿಗೆ ಕರೆದೊಯ್ದು ಆಡಿಸಿದರೆ ಕಾಂಟ್ರ್ಯಾಕ್ಟು ಮುಂದುವರಿದೀತು ಎಂಬ ಆಸೆ. ಟಿಕೆಟ್ ಮಾಡಿಸಿದವರು ಭಾವ. ಗುಂಪು ದೊಡ್ಡದಾದ್ದರಿಂದ ಟ್ರಾವೆಲ್ಸಿನವರು ಒಂದು ಟಿಕೆಟ್ ಪುಕ್ಕಟೆ ಕೊಟ್ಟರು. ಸಾಹೇಬರು ತಮಾಷೆಗೆ, "ಥಾಯ್ ಭಾಷೆ ಬರೋವ್ರು ಯಾರಾದ್ರೂ ಇದ್ರೆ ಕರ್ಕೊಂಡ್ ಹೋಗ್ಬೋದಿತ್ತು" ಎಂದಿದ್ದಾರೆ.

"ನನಗೆ ಬರ್ತದೆ ಸರ್!" ಎಂದರಂತೆ ಭಾವ.

"ಯಾವಾಗ್ ಕಲಿತ್ರಿ?"

"ಇನ್ನು ಮೂರು ವಾರ ಉಂಟಲ್ಲ ಸರ್!"

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗೋಳು. ಅಲ್ ಹೈಲ್‌ನಲ್ಲಿ ಥಾಯ್ ಹೆಂಗಸೊಬ್ಬರು ಅಡುಗೆ ಮಾಡುವ ಸಣ್ಣ ಹೋಟೆಲಿದೆ. ಭಾವ ದಿನಾ ಮಧ್ಯಾಹ್ನ ಅಲ್ಲಿಗೆ ಹಾಜರು. ನಾಲ್ಕು ದಿನ ಸುಮ್ಮನಿದ್ದ ಅಕ್ಕ ಐದನೆಯ ದಿನ, "ಈ ಮನುಷ್ಯನಿಗೆ ಮರ್ಲು, ಹುಚ್ಚು! ಭಾಷೆ ಕಲೀಲಿಕ್ಕೆ ಸೆಂಟು ಯಾಕೆ ಹಾಕಿಕೊಳ್ಳಬೇಕು, ನಾನೂ ನೋಡ್ತೇನೆ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟಳು. ಹೋದವಳು ಮರಳಿ ಬಂದದ್ದು ಸಂಜೆಗೆ. ಹಸಿ ಪಪ್ಪಾಯಿಯನ್ನು ಅವರು ಹೇಗೆ ಕೊಚ್ಚುತ್ತಾರೆ, ನಾವು ಹೇಗೆ ಪಲ್ಯ ಮಾಡುತ್ತೇವೆ ಎಂಬ ವಿಚಾರದಲ್ಲಿ ಇಬ್ಬರೂ ಅಕ್ಕತಂಗಿಯರಾಗಿದ್ದರು! ಮರುದಿನದಿಂದ ಭಾವನ ಪಾಠ ಹಿಂದೆ ಬಿತ್ತು, ಅಕ್ಕನ ಅಡುಗೆ ಮುಂದೆ ಹೋಯಿತು.

ಹತ್ತು ದಿನಕ್ಕೆ ಭಾವನ ಗ್ರಂಥ ಸಿದ್ಧವಾಯಿತು. ಕಂಪನಿಯ ಹಳೇ ಡೈರಿ, ಒಳಗೆ ಕನ್ನಡ ಲಿಪಿಯಲ್ಲಿ ಥಾಯ್ ಮಾತು. ಹೆಸರು: "ಗಾಲ್ಫ್ ಆಟಗಾರರಿಗೆ ಉಪಯುಕ್ತ ಥಾಯ್ ವಾಕ್ಯಗಳು". ಸಾಹೇಬರು ತೆರೆದರು. ಮೊದಲ ವಾಕ್ಯ, "ಕಿನ್ ಖಾವ್ ರೆ ಯಂಗ್", ಊಟ ಆಯ್ತಾ? ಎರಡನೆಯದು, ನಿಮಗೆ ಮಕ್ಕಳೆಷ್ಟು? ಮೂರನೆಯದು, ಈ ಬಿಸಿಲಲ್ಲಿ ಸ್ವಲ್ಪ ನೆರಳಿಗೆ ಕೂತುಕೊಳ್ಳಿ.

"ಏನ್ರೀ ಇದು? ಗಾಲ್ಫ್ ಎಲ್ರೀ?"

"ಹದಿನಾಲ್ಕನೇ ಪುಟದಲ್ಲಿ ಉಂಟು ಸರ್. ಎಡಕ್ಕೆ 'ಸಾಯ್', ಬಲಕ್ಕೆ 'ಖ್ವಾ', ಚೆಂಡು ನೀರಿಗೆ ಬಿತ್ತು ಅಂತಾದ್ರೆ 'ತೊಕ್ ನಾಮ್'."

"ಚೆಂಡು ಗುಂಡಿಗೆ ಬಿತ್ತು ಅನ್ನೋದು?"

"ಅದು ಬೇಕಾಗ್ತದಾ ಸರ್?"

ಸಾಹೇಬರ ಆಟ ನೋಡಿದ್ದವರು ಯಾರೂ ಆ ಪ್ರಶ್ನೆಯಲ್ಲಿ ತಪ್ಪು ಹುಡುಕಲಾರರು.

ಅಭ್ಯಾಸ ನಡೆಯುತ್ತಿದ್ದದ್ದು ಭಾವನ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ. ಕೋಲಿನ ಬದಲು ಕರ್ಟನ್ ರಾಡು, ಚೆಂಡಿನ ಬದಲು ಸುವೈಕ್‌ನ ಒಣನಿಂಬೆ! ಭಾವ ಬೀಸಿ ಹೊಡೆಯುವುದು, ನಿಂಬೆ ಯಾರದೋ ಕಾರಿನಡಿ ಹೋಗುವುದು, ಭಾವ ಮಂಡಿಯೂರಿ ಅದಕ್ಕೆ ಥಾಯ್ ಭಾಷೆಯಲ್ಲಿ ದಾರಿ ಹೇಳುವುದು. ಮಗಳು ಬಾಲ್ಕನಿಯಿಂದ, "ಪಪ್ಪಾ, ಪ್ಲೀಸ್, ಪೀಪಲ್ ಆರ್ ವಾಚಿಂಗ್!" ಎಂದು ಕೂಗುತ್ತಿದ್ದಳು. ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ನಕ್ಕು ಮನೆಗೆ ಬಂದ ಮೇಲೆ ಏಳನೆಯ ಹೆಸರು ನೆನಪಾಗುತ್ತಿತ್ತು. ಯಾರ ಮೆಚ್ಚುಗೆಗಾಗಿ ಈ ಮನುಷ್ಯ ಇಷ್ಟೆಲ್ಲ ಒದ್ದಾಡುತ್ತಿದ್ದಾರೋ ಅವರ ಡ್ರಾಯರಿನಲ್ಲೇ ಇವರ ಹೆಸರು ಬೆಚ್ಚಗೆ ಮಲಗಿತ್ತಲ್ಲ!

ಅಂತೂ ವಿಮಾನ ಹತ್ತಿ ಹೋದರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ಸಾಹೇಬರು.

ಥಾಯ್ಲೆಂಡಿನಲ್ಲಿ ಆಟಗಾರರ ಕೋಲಿನ ಚೀಲವನ್ನು ಗಾಡಿಯಲ್ಲಿಟ್ಟು ಎಳೆಯುವವರು ಹೆಂಗಸರು. ಬಿಸಿಲಿಗೆ ಮುಖವೆಲ್ಲ ಮುಚ್ಚಿಕೊಂಡು, ಎದೆಯ ಮೇಲೊಂದು ನಂಬರು ಹಾಕಿಕೊಂಡಿರುತ್ತಾರೆ. ಸಾಹೇಬರಿಗೆ ಸಿಕ್ಕವರು ಐವತ್ತು ದಾಟಿದ ಹೆಂಗಸು. ಭಾವ ಅವರನ್ನು ಕಂಡದ್ದೇ, "ಪೀ" ಎಂದರಂತೆ. ಅಂದರೆ ಅಕ್ಕ. ಊಟ ಆಯ್ತಾ ಎಂದೂ ಕೇಳಿದರಂತೆ. ಆಕೆ ನಕ್ಕ ನಗುವಿಗೆ ಎಣ್ಣೆ ಕಂಪನಿಯ ಅಧಿಕಾರಿ ಹೊಡೆಯುವುದನ್ನು ಬಿಟ್ಟು ತಿರುಗಿ ನೋಡಿದರಂತೆ. ಅಲ್ಲಿಯವರೆಗೆ ಎಲ್ಲ ಸರಿಯೇ. ಏರು ಬಂತು. ಅಕ್ಕ ಗಾಡಿ ಎಳೆಯುವುದು, ತಮ್ಮ ಕೈಬೀಸಿಕೊಂಡು ಬರುವುದು, ನಮ್ಮ ಭಾವನ ಕೈಲಿ ನೋಡಲಾದೀತೇ? "ಕೊಡಿ ಇಲ್ಲಿ" ಎಂದು ಗಾಡಿಯನ್ನು ಕಿತ್ತುಕೊಂಡರು! ಆಕೆ ಬೇಡ ಬೇಡ ಎಂದಷ್ಟೂ ಇವರು, ಸಂಕೋಚದ ಹೆಂಗಸು ಎಂದುಕೊಂಡು ಇನ್ನೂ ಜೋರಾಗಿ ಎಳೆದರು.

ಮೈದಾನದ ಮೇಸ್ತ್ರಿ ಸ್ಕೂಟರಿನಲ್ಲಿ ಬಂದ. ಆಕೆಯನ್ನು ಪಕ್ಕಕ್ಕೆ ಕರೆದು ಬೈದ. ಎದೆಯ ಮೇಲಿನ ನಂಬರನ್ನು ಕಿತ್ತುಕೊಂಡ. ಆಕೆ ಓಡಿ ಬಂದು, ಭಾವನ ಕೈಯಿಂದ ಗಾಡಿಯನ್ನು ಎಳೆದುಕೊಂಡು ಅಳುತ್ತ ಏನೇನೋ ಹೇಳಿದರಂತೆ. ಗ್ರಂಥದಲ್ಲಿ ಇಲ್ಲದ ಮಾತುಗಳು. ಭಾವನಿಗೆ ತಿಳಿದದ್ದು ಒಂದೇ ಪದ, "ಙಾನ್". ಕೆಲಸ.

"ನಿಮ್ ಭಾವನ ಮುಖ ನೋಡ್ಬೇಕಿತ್ತು ಕಣ್ರೀ," ಎಂದರು ಸಾಹೇಬರು. "ಬಿಳಿಚ್ಕೊಂಡ್ಬಿಟ್ರು. ಆ ಮೇಸ್ತ್ರಿ ಮುಂದೆ ಕೈಮುಗಿದು, ಹೋದಲ್ಲೆಲ್ಲ ಅವನ ಹಿಂದೇನೇ ಹೋಗಿ, 'ಪೋಮ್ ಫಿತ್, ಪೋಮ್ ಫಿತ್', ತಪ್ಪು ನಂದು, ತಪ್ಪು ನಂದು, ಅಂತ ಒಂದೇ ಸಮನೆ. ಸ್ಕೂಟರಿಗೆ ಅಡ್ಡ ನಿಂತ್ಬಿಟ್ರು! ಅವನು ನಂಬರ್ ವಾಪಸ್ ಕೊಟ್ಟೋಗೋವರ್ಗೂ ಬಿಡ್ಲಿಲ್ಲ. ನಾನು ಹತ್ತು ಸಲ ಹೋಗಿದ್ದೀನಿ ಆ ದೇಶಕ್ಕೆ. ಗಾಡಿ ಎಳೆಯೋರ ಮುಖ ಅವತ್ತೇ ನೋಡಿದ್ದು."

ಕಾಂಟ್ರ್ಯಾಕ್ಟು ಪೂರ್ತಿ ಉಳಿಯಲಿಲ್ಲ, ಅರ್ಧ ಉಳಿಯಿತು. ಆ ಅಧಿಕಾರಿ ಹೊರಡುವಾಗ ಗಾಲ್ಫಿನ ಸುದ್ದಿಯನ್ನೇ ಎತ್ತದೆ, ಊಟ ಆಯ್ತಾ ಎಂಬುದನ್ನು ಥಾಯ್ ಭಾಷೆಯಲ್ಲಿ ಬರೆಸಿಕೊಂಡು ಹೋದರಂತೆ.

ಇಷ್ಟು ಹೇಳಿ ಸಾಹೇಬರು ಡ್ರಾಯರ್ ಎಳೆದು ಲಕೋಟೆ ಒಡೆದರು. ಬೆರಳು ಏಳನೆಯ ಹೆಸರಿನ ಮೇಲೆ ನಿಂತಿತು.

"ಇದ್ಯಾಕ್ರೀ ಇವರ ಹೆಸರಿದೆ?"

"ಟ್ರಾವೆಲ್ ಡೆಸ್ಕ್ ಮುಚ್ಚುವುದಂತೆ ಸರ್."

ಸಾಹೇಬರು ಪೆನ್ನು ತೆಗೆದು, "ಡೆಸ್ಕ್ ಮುಚ್ಲಿ. ಬರ್ಕಾ ಲೇಬರ್ ಕ್ಯಾಂಪಲ್ಲಿ ಏಳು ದೇಶದ ಜನ ಇದ್ದಾರೆ, ಅವರನ್ನ ನೋಡ್ಕೊಳ್ಳೋಕೆ ಭಾಷೆ ಬರೋವ್ರು ಬೇಕು. ಅಲ್ಲಿಗೆ ಹಾಕಿ ಇವರನ್ನ," ಎಂದು ಹೆಸರಿಗೆ ಗೀಟು ಎಳೆದರು. ಉಳಿದವರಲ್ಲೂ ಕೆಲವರಿಗೆ ಗೀಟು ಬಿತ್ತು, ಕೆಲವರಿಗೆ ಬೀಳಲಿಲ್ಲ. ಬೀಳದವರ ಪತ್ರಗಳನ್ನೂ ನಾನೇ ಟೈಪ್ ಮಾಡಿದೆ, ಅದು ಬೇರೆ ಸಂಕಟ. ಆದರೆ ಸುಳ್ಳು ಏಕೆ ಹೇಳಲಿ, ಆ ಗಳಿಗೆಯಲ್ಲಿ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ. ಹೋದ ಜೀವ ಬಂದ ಹಾಗಾಯಿತು. ಮೂರು ವಾರದಿಂದ ಸರಿಯಾಗಿ ಉಸಿರೇ ಆಡಿರಲಿಲ್ಲ ಎಂಬುದು ಆಗಲೇ ಗೊತ್ತಾದದ್ದು.

ಮಧ್ಯಾಹ್ನವೇ ಅಲ್ ಹೈಲ್‌ಗೆ ಓಡಿದೆ. ಭಾವ ಊಟಕ್ಕೆ ಮನೆಗೆ ಬಂದಿದ್ದರು, ಅಕ್ಕ ಒಳಗೆ ಮೀನು ಹುರಿಯುತ್ತಿದ್ದಳು. ಭಾವನನ್ನು ಮೆಟ್ಟಿಲ ಹತ್ತಿರ ಕರೆದು ಎಲ್ಲವನ್ನೂ ಒದರಿಬಿಟ್ಟೆ. ಪಟ್ಟಿ ಬಂದದ್ದು, ಅವರ ಹೆಸರಿದ್ದದ್ದು, ನಾನೇ ಟೈಪ್ ಮಾಡಿದ್ದು, ಈಗ ಗೀಟು ಬಿದ್ದದ್ದು.

"ಗೊತ್ತಿತ್ತು ಮಾರಾಯ," ಎಂದರು ಭಾವ.

"ಗೊತ್ತಿತ್ತಾ? ಹೇಗೆ?"

"ನೀನು ನನ್ನ ಮಾತಿಗೆಲ್ಲ ಬೈಯುವ ಜನ. ಆ ಭಾನುವಾರದಿಂದ ನಾನು ಎಂತ ಹೇಳಿದ್ರೂ ನಗ್ಲಿಕ್ಕೆ ಶುರು ಮಾಡಿದಿ. ಆಗಲೇ ಗೊತ್ತಾಯ್ತು, ನನ್ನದು ಖಲಾಸ್ ಅಂತ."

"ಮತ್ತೆ ನನ್ನ ಹತ್ರ ಯಾಕೆ ಕೇಳ್ಲಿಲ್ಲ ಭಾವ?"

"ಕೇಳಿದ್ರೆ ನೀನು ಹೇಳ್ತಿದ್ದಿ. ಹೇಳಿದ್ರೆ ನಿನ್ನ ಕೆಲಸವೂ ಹೋಗ್ತಿತ್ತು. ಅದಕ್ಕೇ ನಿನಗೆ ಆದಷ್ಟು ನಗು ಬರ್ಲಿ ಅಂತ ಪಾರ್ಕಿಂಗಲ್ಲಿ ಸ್ವಲ್ಪ ಹೆಚ್ಚೇ ಕುಣಿದೆ." ನನ್ನ ಬೆನ್ನ ಮೇಲೆ ಕೈಯಿಟ್ಟರು. "ನನ್ನದು ಬಿಡು, ಇಪ್ಪತ್ತು ವರ್ಷ ಉಂಡಾಯ್ತು. ನನ್ನ ಹೆಸರು ಟೈಪ್ ಮಾಡುವಾಗ ನಿನಗೆ ಎಷ್ಟು ಕಷ್ಟ ಆಯ್ತೋ ಏನೋ, ಪಾಪ, ಸಣ್ಣ ಪ್ರಾಯ ನಿನ್ನದು."

ಕೆಲಸ ಹೋಗಬೇಕಾಗಿದ್ದದ್ದು ಅವರದು, ಮರುಗುತ್ತಿದ್ದದ್ದು ನನಗಾಗಿ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು, ಸಣ್ಣ ಮಕ್ಕಳ ಹಾಗೆ ಅತ್ತುಬಿಟ್ಟೆ.