ನನ್ನ ಹೆಸರಿನ ಮೂರು ಗಂಟೆಗಳು

ಯಾವುದನ್ನೂ ಸುಲಭವಾಗಿ ನಂಬದ ಮನುಷ್ಯನಿಗೆ ಬರಬಾರದ ಕಾಯಿಲೆಯೆಂದರೆ ಮರೆವು. ಬೇರೆಯವರನ್ನು ಸಂಶಯಿಸುವುದಕ್ಕೂ ತನ್ನ ನೆನಪಿನ ಮೇಲೆ ಒಂದಿಷ್ಟು ಭರವಸೆ ಬೇಕಾಗುತ್ತದೆ. ಹೈದರಾಬಾದಿನ ಅಬಿಡ್ಸ್ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸಲು ಶುರುಮಾಡಿ ಮೂವತ್ತು ವರ್ಷಗಳಾಗುತ್ತ ಬಂದವು. ಯಾರು ಏನೇ ಹೇಳಿದರೂ ‘ಪುರಾವೆ ಎಲ್ಲಿದೆ?’ ಎಂದು ಕೇಳುವುದು ನನ್ನ ಚಟ. ಹುಡುಗರು ಹಿಂದಿನಿಂದ ನನ್ನನ್ನು ‘ಪ್ರೂಫ್ ಸಾರ್’ ಎನ್ನುತ್ತಾರೆಂಬುದು ನನಗೆ ಗೊತ್ತು. ಅದಕ್ಕೆ ಬೇಸರವೇನಿಲ್ಲ, ಒಳಗೊಳಗೆ ಖುಷಿಯೇ. ಆದರೆ ಕಳೆದ ವರ್ಷ ಒಂದೇ ಪಾಠವನ್ನು ಎರಡು ದಿನ ಮಾಡಿದೆ. ಎರಡೂ ದಿನ ಹುಡುಗರು ತುಟಿಪಿಟಕ್ಕೆನ್ನದೆ ಬರೆದುಕೊಂಡರು. ಹಾಜರಿ ನನ್ನ ಕೈಯಲ್ಲಿತ್ತಲ್ಲ. ಮೂರನೆಯ ದಿನ ಬೋರ್ಡಿನ ಮೇಲೆ ಅದೇ ಶೀರ್ಷಿಕೆ ಬರೆದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, ಪರೀಕ್ಷೆಗೆ ಇದೊಂದೇ ಬರುತ್ತದೆಯೇ ಎಂದು ಬಹಳ ವಿನಯದಿಂದ ಕೇಳಿದಳು. ಅಂದಿನಿಂದ ನನಗೆ ಹೆದರಿಕೆ ಹತ್ತಿತು.

ಹೆದರಿಕೆಗೆ ಕಾರಣವಿದೆ. ನೀರಾವರಿ ಇಲಾಖೆಯಲ್ಲಿದ್ದ ನನ್ನ ತಂದೆ ತೆಲಂಗಾಣದ ಕೆರೆಗಳ ಹೆಸರುಗಳನ್ನೆಲ್ಲ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದವರು. ನಿವೃತ್ತರಾದ ಕೆಲವು ವರ್ಷಗಳಿಗೆ ಒಂದೊಂದಾಗಿ ಕಳೆದುಕೊಳ್ಳತೊಡಗಿದರು. ಮೊದಲು ಕೆರೆಗಳು ಹೋದವು, ಆಮೇಲೆ ಮೊಮ್ಮಕ್ಕಳು ಹೋದರು. ಒಂದು ಮಧ್ಯಾಹ್ನ ಕಾಚಿಗುಡದ ನಮ್ಮ ಮನೆಯಿಂದ ಹೊರಟು ಸಿಕಂದರಾಬಾದ್ ಸ್ಟೇಷನ್ನಿನವರೆಗೆ ನಡೆದು, ಟಿಕೆಟ್ ಕಿಟಕಿಯಲ್ಲಿ ನಿಂತು, ‘ಮನಿಗೆ ಒಂದು ಕೊಡ್ರಿ’ ಎಂದು ಕೇಳಿದ್ದರು. ಸಾಲಿನಲ್ಲಿ ಹಿಂದೆ ನಿಂತಿದ್ದ ಬೀದರಿನವನೊಬ್ಬನಿಗೆ ಕನ್ನಡ ಕಿವಿಗೆ ಬಿದ್ದದ್ದರಿಂದ ನಮಗೆ ಅವರು ಸಿಕ್ಕರು. ಹುಡುಗಿಯ ಪ್ರಶ್ನೆ ಕೇಳಿದ ದಿನ ನನಗೆ ನೆನಪಾದದ್ದು ಆ ಕಿಟಕಿ.

ಇನ್ನು ಮೊಬೈಲಿನ ವಿಷಯ. ಮೊಬೈಲಿನ ವಿಕಿರಣದಿಂದ ಮಿದುಳಿಗೆ ಹಾನಿಯೆಂದು ಯಾರಾದರೂ ಬಾಯಿಬಿಟ್ಟರೆ ನಾನು ಬಿಡುತ್ತಿರಲಿಲ್ಲ. ನಮ್ಮ ಸ್ಟಾಫ್ ರೂಮಿನ ಕೆಮಿಸ್ಟ್ರಿ ಮೇಡಂ ಫುಟ್‌ಪಾತಿನಲ್ಲಿ ಮಾರುವ, ವಿಕಿರಣ ಹೀರುತ್ತದೆಂದು ಹೇಳುವ ಬಂಗಾರದ ಬಣ್ಣದ ಚೀಟಿಯನ್ನು ಫೋನಿನ ಬೆನ್ನಿಗೆ ಅಂಟಿಸಿಕೊಂಡಾಗ ಅವರಿಗೆ ಒಂದು ಇಡೀ ಪೀರಿಯಡ್ಡಿನ ಉಪನ್ಯಾಸ ಕೊಟ್ಟೆ. ಮೊಬೈಲಿನಿಂದ ಕಾಯಿಲೆ ಎನ್ನುವ ಎಷ್ಟೋ ಸಂಶೋಧನೆಗಳು ಜನರ ನೆನಪಿನ ಮೇಲೆ ನಿಂತಿರುತ್ತವೆ. ಕಾಯಿಲೆಯಾದವನು ತಪ್ಪಿತಸ್ಥನನ್ನು ಹುಡುಕುತ್ತ, ಹತ್ತು ನಿಮಿಷ ಮಾತಾಡಿದ್ದನ್ನು ಒಂದು ಗಂಟೆ ಮಾಡಿ ಹೇಳುತ್ತಾನೆ. ಗಟ್ಟಿಮುಟ್ಟಾದವನು ‘ಯಾರಿಗೆ ನೆನಪು’ ಎಂದು ಕೈ ಕೊಡವುತ್ತಾನೆ. ಹಾಗಾಗಿ ತಕ್ಕಡಿ ಮೊದಲೇ ವಾಲಿರುತ್ತದೆ ಎಂದು ವಿವರಿಸಿದೆ. ಮೇಡಂ ಎಲ್ಲ ಕೇಳಿ ನನಗೂ ಒಂದು ಚೀಟಿ ಕೊಟ್ಟರು.

ಆದರೆ ಈಗ ನನ್ನೊಳಗೆ ಒಂದು ನಾಚಿಕೆಗೇಡಿನ ಆಸೆ ಹುಟ್ಟಿತು. ನನ್ನ ಮರೆವಿಗೆ ಕಾರಣ ಮೊಬೈಲೇ ಆಗಿರಲಿ, ದೇವರೇ, ಎಂದು ದೇವರನ್ನು ನಂಬದ ನಾನು ಬೇಡತೊಡಗಿದೆ. ಮೊಬೈಲಾದರೆ ದೂರ ಇಡಬಹುದು, ತಂದೆಯ ರಕ್ತವನ್ನು ಎಲ್ಲಿ ಇಡುವುದು? ಹೊರಗೆ ಮೊಬೈಲಿನ ಪರ ವಾದಿಸುತ್ತ ಒಳಗೆ ಹೀಗೆ ಬೇಡಿಕೊಳ್ಳುತ್ತಿದ್ದ ದಿನಗಳಲ್ಲಿಯೇ ಒಂದು ಪ್ರಯೋಗವನ್ನೂ ಮಾಡಿದೆ. ಫೋನನ್ನು ಚಪಾತಿಯ ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರೆ ಅಲೆಗಳು ನಿಲ್ಲುತ್ತವೆಯೇ ಎಂದು ನೋಡಬೇಕಿತ್ತು. ಡಬ್ಬಿಯೊಳಗಿಟ್ಟೆ. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಆಮೇಲೆ ಅರ್ಧ ದಿನ ಮನೆಯೆಲ್ಲ ಫೋನು ಹುಡುಕಿದೆ. ನನ್ನ ಹೆಂಡತಿ ಸುಮಿತ್ರಾ ಚಪಾತಿ ಹಾಕಲು ಮುಚ್ಚಳ ತೆಗೆದು, ಒಳಗೆ ನೋಡಿ, ನನ್ನನ್ನು ನೋಡಿ, ಇನ್ನೊಂದು ಡಬ್ಬಿ ತೆಗೆದುಕೊಂಡಳು.

ಆ ಹೊತ್ತಿಗೆ ಸರಿಯಾಗಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಕಂಡಿತು. ಗಚ್ಚಿಬೌಲಿ ಕಡೆಯ ಸಂಶೋಧಕರ ತಂಡವೊಂದು ಮೊಬೈಲ್ ಬಳಕೆಗೂ ನೆನಪಿನ ಶಕ್ತಿಗೂ ಸಂಬಂಧವಿದೆಯೇ ಎಂದು ನೋಡಲು ಐವತ್ತು ದಾಟಿದವರನ್ನು ಹುಡುಕುತ್ತಿತ್ತು. ಅವರ ವಿಧಾನದಲ್ಲಿ ತಪ್ಪು ಹುಡುಕಲು ಸೇರುತ್ತಿದ್ದೇನೆಂದು ಸ್ಟಾಫ್ ರೂಮಿನಲ್ಲಿ ಸಾರಿ ಹೆಸರು ಕೊಟ್ಟೆ. ಒಂದು ಭಾನುವಾರ ಸ್ವಾತಿ ಎಂಬ ಹುಡುಗಿ ಮನೆಗೆ ಬಂದಳು. ನನ್ನ ಮಗಳ ವಯಸ್ಸಿನವಳು, ಬಹಳ ಮೃದುವಾದ ತೆಲುಗು, ಕೈಯಲ್ಲಿ ಉದ್ದದ ಪ್ರಶ್ನೆಪತ್ರಿಕೆ. ಫೋನನ್ನು ಯಾವ ಕಿವಿಗೆ ಹಿಡಿಯುತ್ತೀರಿ ಎಂದು ಕೇಳಿದಳು. ಬಲಗಿವಿ ಎಂದೆ. ಚಹಾ ತಂದ ಸುಮಿತ್ರಾ ಎಡಗಿವಿ ಎಂದಳು. ಪರೀಕ್ಷಿಸೋಣವೆಂದು ಫೋನು ಕೈಗೆತ್ತಿಕೊಂಡರೆ ಎರಡು ಕಿವಿಗಳೂ ಅಪರಿಚಿತವೆನಿಸಿದವು. ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತೀರಿ ಎಂಬುದು ಮುಂದಿನ ಪ್ರಶ್ನೆ. ಎರಡು ಗಂಟೆ ಎಂದುಬಿಡಲು ನಾಲಿಗೆ ತುರಿಸಿತು. ಆದರೆ ಮೂವತ್ತು ವರ್ಷ ಪಾಠ ಮಾಡಿದ ಪಕ್ಷಪಾತಕ್ಕೆ ನಾನೇ ಬಲಿಯಾಗುವುದೇ? ಹಲ್ಲು ಕಚ್ಚಿ, ‘ಹತ್ತು ನಿಮಿಷ’ ಎಂದೆ. ಬಳಿಕ ಅವಳು ಕೆಲವು ಪದಗಳನ್ನು ಓದಿ ಹೇಳಿ, ಸ್ವಲ್ಪ ಹೊತ್ತಾದ ಮೇಲೆ ಅವನ್ನು ತಿರುಗಿ ಕೇಳಿದಳು. ಅರ್ಧದಷ್ಟು ಹೇಳಿದೆನೆಂದು ನೆನಪು. ಕೊನೆಗೆ, ಫೋನ್ ಕಂಪನಿಯಿಂದ ನನ್ನ ಹೆಸರಿನಲ್ಲಿರುವ ಬಳಕೆಯ ದಾಖಲೆ ತರಿಸಿಕೊಳ್ಳಲು ಒಪ್ಪಿಗೆ ಕೇಳಿದಳು. ನೆನಪನ್ನು ದಾಖಲೆಯೊಂದಿಗೆ ಹೋಲಿಸುವ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾಯಿತು. ಶಹಬ್ಬಾಸ್ ಎಂದು ಸಹಿ ಹಾಕಿದೆ.

ಎರಡು ವಾರದ ನಂತರ ಸ್ವಾತಿ ಫೋನು ಮಾಡಿದಳು. ಏನೋ ವ್ಯತ್ಯಾಸವಾಗಿದೆ ಸಾರ್ ಎಂದು ತಡವರಿಸಿ, ದಾಖಲೆಯ ಪ್ರಕಾರ ನಾನು ದಿನಕ್ಕೆ ಸರಾಸರಿ ಮೂರು ಗಂಟೆಗೂ ಹೆಚ್ಚು ಮಾತಾಡುತ್ತೇನೆಂದು ತಿಳಿಸಿದಳು. ಹತ್ತು ನಿಮಿಷ ಮಾತಾಡಿ ಒಂದು ಗಂಟೆ ಎನ್ನುವವರನ್ನು ಬಲ್ಲೆ. ಮೂರು ಗಂಟೆ ಮಾತಾಡಿ ಹತ್ತು ನಿಮಿಷ ಎನ್ನುವವನ ಬಗ್ಗೆ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ನಾನು ಬೇಡಿಕೊಂಡದ್ದು ದೊರಕಿತ್ತು, ಮೊಬೈಲ್ ತಪ್ಪಿತಸ್ಥನ ಜಾಗದಲ್ಲಿ ಬಂದು ನಿಂತಿತ್ತು. ಆದರೆ ದಿನವೂ ಮೂರು ಗಂಟೆ ನಾನು ಯಾರೊಂದಿಗೆ ಮಾತಾಡುತ್ತಿದ್ದೆ? ಏನು ಮಾತಾಡುತ್ತಿದ್ದೆ? ಫೋನು ತೆಗೆದು ಕರೆಗಳ ಪಟ್ಟಿ ನೋಡಿದೆ. ಕಾಲೇಜು, ಗ್ಯಾಸಿನವರು, ಮಗಳು, ಅಷ್ಟೇ. ಬೇರೆ ಯಾರಾದರೂ ಇಷ್ಟಕ್ಕೆ ಸಮಾಧಾನಪಡುತ್ತಿದ್ದರು. ನನಗೆ ಹೊಳೆದದ್ದು ಬೇರೆ: ಉಳಿದ ಕರೆಗಳನ್ನು ನಾನೇ ಅಳಿಸಿರಬೇಕು, ಅಳಿಸಿದ್ದನ್ನೂ ಮರೆತಿರಬೇಕು. ಆ ವಾರವೆಲ್ಲ ಬಸ್ಸಿನಲ್ಲಿ ಯಾರಾದರೂ ನನ್ನ ಮುಖ ನೋಡಿ ನಕ್ಕರೆ, ದಿನವೂ ನನ್ನೊಂದಿಗೆ ಮೂರು ಗಂಟೆ ಮಾತಾಡುವವರು ಇವರೇ ಇರಬಹುದೇ ಎಂದು ನಾನೂ ಎಚ್ಚರಿಕೆಯಿಂದ ನಗುತ್ತಿದ್ದೆ.

ಎಂಟನೆಯ ದಿನ ತಡೆಯಲಾಗಲಿಲ್ಲ. ಬೆಳಿಗ್ಗೆ ಸುಮಿತ್ರಾ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ಎದುರಿಗೆ ಕುಳಿತು, ನ್ಯಾಯಾಧೀಶರ ಮುಂದೆ ಹೇಳುವಂತೆ ಎಲ್ಲ ಹೇಳಿದೆ. ಆಕೆಯ ಕೈ ನಿಲ್ಲಲಿಲ್ಲ.

“ಮೂರು ತಾಸಷ್ಟೇನ್ರಿ? ನಾ ಇನ್ನೂ ಭಾಳ ಇರಬೇಕಂದ್ಕೊಂಡಿದ್ದೆ,” ಎಂದಳು.

ನನಗೆ ಅರ್ಥವಾಗಲಿಲ್ಲ.

“ನನ್ನ ಸಿಮ್ಮೂ ನಿಮ್ಮ ಹೆಸರಿನ್ಯಾಗ ಐತಿ. ನನ್ನ ಆಧಾರ್ ಕಾರ್ಡಿನ್ಯಾಗ ಇನ್ನೂ ತವರಮನಿ ಹೆಸರಿತ್ತು, ಅಂಗಡಿಯಾಂವ ಆಗೂದಿಲ್ಲ ಅಂದ. ಅಬಿಡ್ಸಿನ ಅಂಗಡಿಯಾಗ ನಿಂತು ಹೆಬ್ಬಟ್ಟು ಒತ್ತಿದವರು ನೀವ. ಅವ್ವನ ಸಿಮ್ಮಿಗೂ ನೀವ ಒತ್ತೀರಿ. ಮರೆತ್ರೇನು?”

ಮರೆತಿದ್ದೆ. ಅಂಗಡಿ, ಹೆಬ್ಬೆರಳು, ಏನೂ ನೆನಪಿರಲಿಲ್ಲ. ಮನೆಯ ಯಜಮಾನನೆಂಬ ಮರ್ಯಾದೆಗೆ ನಮ್ಮಲ್ಲಿ ಎಲ್ಲವನ್ನೂ ಗಂಡಸಿನ ಹೆಸರಿನಲ್ಲಿಯೇ ಮಾಡಿಸುತ್ತಾರೆ. ಹೀಗೆ ಕಲಬುರಗಿಯಲ್ಲಿರುವ ನನ್ನ ಅತ್ತೆಯೂ ಹೈದರಾಬಾದಿನಲ್ಲಿರುವ ನನ್ನ ಹೆಂಡತಿಯೂ ದಿನಾ ಕುಂತು ಮಾತಾಡಿದ್ದೆಲ್ಲ ನನ್ನ ಕಿವಿಯ ಲೆಕ್ಕಕ್ಕೆ ಸೇರಿತ್ತು. ಆ ಎರಡು ಸಿಮ್ಮಿನ ನಡುವೆ ನಾನು ನನ್ನೊಂದಿಗೇ ಮಾತಾಡಿಕೊಳ್ಳುತ್ತಿದ್ದೆ. ಹಗುರವಾಗಬೇಕಿತ್ತು, ಆಗಲಿಲ್ಲ. ಮೊಬೈಲ್ ಬಿಡುಗಡೆಯಾದರೆ ಉಳಿದವರು ತಂದೆ ಮಾತ್ರ. ಅದನ್ನೂ ಹೇಳಿದೆ. ಅಪ್ಪನ ಹಂಗ ಆಗಾಕತ್ತೀನೇನೋ ಎಂದು ಹೇಳುವಾಗ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಸುಮಿತ್ರಾ ಸೊಪ್ಪು ಕೆಳಗಿಟ್ಟಳು. “ಮಾವಾರು ಮರೀತಿದ್ರು. ಅದು ಬ್ಯಾರೆ. ಅವರು ನಾ ಹೇಳಿದ್ದು ಪೂರಾ ಕೇಳತಿದ್ರು, ಆಮ್ಯಾಲೆ ಹೋಗತಿತ್ತು. ನಿಮ್ಮ ತಲಿಯಾಗ ನನ್ನ ಮಾತು ಮೊದಲ ಒಳಗ ಹೋಗೂದಿಲ್ಲಲ್ರಿ, ಮರ್ಯಾಕ ಏನೈತಿ?” ಎಂದಳು. ಸೊಪ್ಪನ್ನು ಮತ್ತೆ ಕೈಗೆತ್ತಿಕೊಂಡು, ಆದರೂ ಒಮ್ಮೆ ಡಾಕ್ಟರಿಗೆ ತೋರಿಸೋಣ, ತಾನೂ ಬರುತ್ತೇನೆ ಎಂದಳು. ಮೂವತ್ತು ವರ್ಷಗಳಲ್ಲಿ ಇಷ್ಟು ಸಮಾಧಾನ ಕೊಟ್ಟ ಅವಮಾನ ನನಗೆ ಇನ್ನೊಂದಾಗಿಲ್ಲ.

ಸ್ವಾತಿ ಮತ್ತೆ ಬಂದಳು. ದಾಖಲೆಯ ಗೊಂದಲ ಕೇಳಿ, ಬಹಳಷ್ಟು ಮನೆಗಳಲ್ಲಿ ಹೀಗೇ ಇರಬಹುದೆಂದು ಅವಳ ಮುಖ ಬಾಡಿತು. ಯಾರ್ಯಾರ ಮಾತು ಯಾರ್ಯಾರ ಮಿದುಳಿಗೆ ಬರೆದಿದ್ದಾರೋ! ಕೊನೆಗೆ ನನ್ನನ್ನು ಕಡಿಮೆ ಬಳಸುವವರ ಗುಂಪಿಗೆ ಹಾಕಿ, ಸುಮಿತ್ರಾಳನ್ನು ಹೆಚ್ಚು ಬಳಸುವವರ ಗುಂಪಿಗೆ ಸೇರಿಸಿಕೊಂಡಳು. ಪದಗಳನ್ನು ಓದಿ ಹೇಳಿದಳು. ಸುಮಿತ್ರಾ ಅವನ್ನೆಲ್ಲ ಬಿಡದೆ ತಿರುಗಿ ಹೇಳಿದ್ದಲ್ಲದೆ, ಹೋದ ಸಲ ನನಗೆ ಕೇಳಿದ್ದ ಪದಗಳನ್ನೂ ನಾನು ಬಿಟ್ಟವು ಯಾವುವೆಂಬುದನ್ನೂ ಸೇರಿಸಿದಳು. ನನ್ನ ಮರೆವು ಯಾವಾಗಿನಿಂದ ಎಂಬ ಪ್ರಶ್ನೆಗೂ ಆಕೆಯೇ ಉತ್ತರಿಸಿದಳು: ಮದುವೆಯಾದಾಗಿನಿಂದ. ಆಗ ಈ ಊರಲ್ಲಿ ಮೊಬೈಲೇ ಬಂದಿರಲಿಲ್ಲ. ಕಾರಣ ಪರಿಣಾಮಕ್ಕಿಂತ ಮೊದಲು ಬರಬೇಕೆಂದು ಕಲಿಸುವವನು ನಾನೇ, ಸುಮ್ಮನೆ ತಲೆಯಾಡಿಸಿದೆ. ಮೊಬೈಲ್ ನಿರಪರಾಧಿ ಎಂದು ಇಷ್ಟು ದಿನ ಬರೀ ಬಾಯಲ್ಲಿ ವಾದಿಸುತ್ತಿದ್ದವನು ಈಗ ಅದರ ಪರವಾದ ಪುರಾವೆಯಾಗಿ ಅವಳ ಕಾಗದದಲ್ಲಿ ಕುಳಿತಿದ್ದೇನೆ.

ಡಾಕ್ಟರ ಭೇಟಿಯನ್ನು ಸುಮಿತ್ರಾ ಫೋನಿನಲ್ಲೇ ಗೊತ್ತುಮಾಡಿದಳು. ದಿನ, ಹೊತ್ತು ಎರಡನ್ನೂ ನನಗೆ ಎರಡು ಸಲ ಹೇಳಿದ್ದಾಳೆ, ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಯಾವ ದಿನವೆಂದು ತಿರುಗಿ ಕೇಳಬಹುದು. ಆದರೆ ಕೇಳಿದರೆ, ಮರೆತೆ ಎಂದಾದರೂ ಒಪ್ಪಬೇಕು, ಕೇಳಿಸಿಕೊಳ್ಳಲೇ ಇಲ್ಲ ಎಂದಾದರೂ ಒಪ್ಪಬೇಕು. ಮೊದಲನೆಯದಾದರೆ ಆಕೆ ಹೆದರುತ್ತಾಳೆ, ಎರಡನೆಯದಾದರೆ ನಾನು ಹೆದರಬೇಕು. ಅದಕ್ಕೇ ಸೋಮವಾರದಿಂದ ದಿನಾ ಬೆಳಿಗ್ಗೆ ಗಡ್ಡ ಬೋಳಿಸಿ, ಇಸ್ತ್ರಿಯ ಅಂಗಿ ತೊಟ್ಟು, ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತಿರುತ್ತೇನೆ. ಯಾವ ದಿನ ಆಕೆ ಸೀರೆ ಬದಲಿಸಿ ಹೊರಗೆ ಬರುತ್ತಾಳೋ, ಅಂದು ಎದ್ದುನಿಂತು ‘ನನಗೆ ನೆನಪಿತ್ತು’ ಎನ್ನಬೇಕೆಂದಿದ್ದೇನೆ.