ನಮ್ಮ ಮನೆಯ ಕಣಿ ನಾನೇ ಇಡುವುದು

ಹೊಸವರ್ಷದ ಬಿಸು ಹಬ್ಬ ಬಂತೆಂದರೆ ನಮ್ಮ ಮನೆಯಲ್ಲಿ ಎಂತಾದರೂ ಒಂದು ಆಗಿಯೇ ಆಗುತ್ತದೆ. ಆಗುವುದೆಲ್ಲ ನನ್ನಿಂದಲೇ ಎಂದು ಮನೆಯವರ ಅಭಿಪ್ರಾಯ. ನಾನು ಒಪ್ಪುವುದಿಲ್ಲ. ಕಲೆ ಹೆಚ್ಚಾದರೆ ಹೀಗೆ ಆಗುವುದು ಉಂಟು. ಮಲ್ಪೆಯಲ್ಲಿ ಬೋಟುಗಳಿಗೆ ಬಣ್ಣ ಬಳಿದು ಹೆಸರು ಬರೆಯುವವನು ನಾನು. ನಾನು ಬಣ್ಣ ಬಳಿದ ಬೋಟು ನೋಡಲೆಂದೇ ಮೀನುಗಳು ಮೇಲೆ ಬರುತ್ತವೆ. ನಂಬದವರು ಬಂದರಿನಲ್ಲಿ ಕೇಳಬಹುದು. ನಾನು ಅಲ್ಲಿ ಇರುವಾಗ ಕೇಳಿದರೆ ಒಳ್ಳೆಯದು.

ಮಟ್ಟುವಿನ ನಮ್ಮ ಮನೆಗೆ ಅಮ್ಮನ ಅಣ್ಣ, ಅಂದರೆ ನನ್ನ ಮಾವ, ಯಜಮಾನ. ಬಿಸುವಿನ ಕಣಿ ಇಡುವುದೂ ಅವರೇ. ಬೆಳಿಗ್ಗೆ ಎಲ್ಲರೂ ಕಣ್ಣು ಮುಚ್ಚಿಕೊಂಡೇ ಎದ್ದು ಬಂದು, ದೇವರ ಮುಂದೆ ಜೋಡಿಸಿದ ಅಕ್ಕಿ, ತೆಂಗಿನಕಾಯಿ, ತರಕಾರಿ, ಚಿನ್ನ, ಕನ್ನಡಿಯ ಎದುರು ಕಣ್ಣು ಬಿಡಬೇಕು. ಆ ಮೊದಲ ನೋಟ ಹೇಗೋ, ಇಡೀ ವರ್ಷ ಹಾಗೆ. ಮಾವನ ಕಣಿಯೋ, ಸಂತೆಯಲ್ಲಿ ತರಕಾರಿ ರಾಶಿ ಹಾಕಿ ಕೂತ ಹಾಗೆ ಇರುತ್ತಿತ್ತು. ಆ ಕೆಲಸ ನನ್ನ ಕೈಗೆ ಬರಬೇಕೆಂದು ನನಗೆ ಹಠ.

ಅಜ್ಜಿಯ ಹತ್ತಿರ ಕೇಳಿದೆ. “ಮೊದಲು ಅಂಗಳ, ಬಾಗಿಲು ಚಂದ ಮಾಡಿ ತೋರಿಸು. ಮತ್ತೆ ನೋಡುವ” ಎಂದರು.

ಹೋಗದ ರಂಗೋಲಿ

ಮೊದಲ ವರ್ಷ ಅಂಗಳಕ್ಕೆ ರಂಗೋಲಿ. ಪುಡಿಯಲ್ಲಿ ಹಾಕುವುದು ಹೆಂಗಸರ ಕೆಲಸ. ನಾನು ಬೋಟಿಗೆ ಬಳಿದು ಉಳಿದ ಆಯಿಲ್ ಪೈಂಟಿನಲ್ಲಿ ಹಾಕಿದೆ. ನಡುವೆ ತಾವರೆ, ಎರಡು ಬದಿಗೆ ಎರಡು ಅಂಜಲ್ ಮೀನು. ಊರಿಡೀ ಬಂದು ಫೋಟೋ ತೆಗೆದುಕೊಂಡು ಹೋಯಿತು.

ಮೂರನೆಯ ದಿನ ಕುಟುಂಬದ ಹಿರಿಯರೊಬ್ಬರು ತೀರಿಹೋದರು. ಸೂತಕದ ಮನೆಯ ಎದುರು ರಂಗೋಲಿ ಇರಬಾರದು. ಅಮ್ಮ ನೀರು ಹಾಕಿ ಉಜ್ಜಿದರು, ಹೋಗಲಿಲ್ಲ. ಸೀಮೆಎಣ್ಣೆ ಹಾಕಿದರು, ತಾವರೆ ಇನ್ನೂ ಹೊಳೆಯಿತು. “ಸಮುದ್ರದ ನೀರಿಗೇ ಹೋಗದ ಪೈಂಟು ಅಮ್ಮಾ” ಎಂದು ಹೆಮ್ಮೆಯಿಂದಲೇ ಹೇಳಿದೆ.

ಕೊನೆಗೆ ಗೋಣಿಚೀಲ ಹಾಸಿ ಮುಚ್ಚಿದರು. ಅಂಜಲಿನ ಬಾಲ ಮಾತ್ರ ಹೊರಗೆ ಉಳಿಯಿತು. ಮಾತನಾಡಿಸಲು ಬಂದವರೊಬ್ಬರು ಮುಖ ಸಣ್ಣದು ಮಾಡಿಕೊಂಡು ಮಾವನಲ್ಲಿ ಕೇಳಿದರು: “ಪಾಪ, ಅವರಿಗೆ ಅಂಜಲ್ ಅಂದರೆ ಅಷ್ಟು ಇಷ್ಟ ಇತ್ತಾ?”

ಬಂಗುಡೆ ತಡೆದ ತೋರಣ

ಮರುವರ್ಷ ಬಾಗಿಲಿಗೆ ತೋರಣ. ಮಾವಿನೆಲೆ ಯಾರು ಬೇಕಾದರೂ ಕಟ್ಟುತ್ತಾರೆ. ನಾನು ತೆಂಗಿನ ಎಳೆಯ ಗರಿ, ಅದೇ ತಿರಿ, ಸೀಳಿ, ಹೆಣೆದು, ಗಿಳಿ ಮಾಡಿ, ಜಗಲಿಯ ಸುತ್ತ ಇಳಿಬಿಟ್ಟೆ.

ಬುಟ್ಟಿ ಹೊತ್ತು ಬರುವ ಮೀನಿನ ಅಕ್ಕ ಗೇಟಿನ ಹತ್ತಿರ ಬಂದವಳು ತೋರಣ ನೋಡಿ ಅಲ್ಲೇ ನಿಂತಳು. ದೂರದಿಂದಲೇ ಕೈಮುಗಿದಳು. ಬಂದ ದಾರಿಯಲ್ಲೇ ವಾಪಸು ಹೋದಳು. ಮರುದಿನವೂ ಹಾಗೆಯೇ. ಅವಳ ಹಿಂದೆ ಬರುತ್ತಿದ್ದ ಸ್ಕೂಟರಿನ ಮೀನಿನವನೂ ನಮ್ಮ ಗೇಟು ಬಂದಾಗ ಹಾರ್ನ್ ನಿಲ್ಲಿಸಿ ಹೋದ.

ಎಂಟು ದಿನ ಮನೆಯಲ್ಲಿ ಬರೀ ಸೌತೆ, ಬಸಳೆ. ಮೀನಿಲ್ಲದೆ ಒಂದು ತುತ್ತು ಇಳಿಯದ ಮಾವ ಅರ್ಧ ಆದರು. ಒಂಬತ್ತನೆಯ ದಿನ ರಸ್ತೆಗೇ ಓಡಿ ಅವಳನ್ನು ನಿಲ್ಲಿಸಿ, “ಎಂತ, ನಮ್ಮ ಮನೆಗೆ ಯಾಕೆ ಮೀನಿಲ್ಲ?” ಎಂದು ಕೇಳಿದರು.

ಅವಳು ಕೆನ್ನೆಗೆ ಬಡಿದುಕೊಂಡಳು. “ತಿರಿ ಕಟ್ಟಿದ್ದೀರಿ, ಮನೆಯಲ್ಲಿ ದೈವದ ಕೋಲ ಉಂಟಲ್ಲ! ವ್ರತದ ಮನೆಗೆ ಮೀನು ತಂದು ಪಾಪ ಕಟ್ಟಿಕೊಳ್ಳಲಾ ನಾನು?”

ಮಾವ ಮನೆಗೆ ಬಂದು ಮೊದಲು ಕತ್ತಿ ಹುಡುಕಿದರು. ನನಗೆ ಎಂದುಕೊಂಡು ಹಿತ್ತಲಿಗೆ ಓಡಿದೆ. ತೋರಣಕ್ಕೆ ಅಂತೆ.

ಸುದ್ದಿ ತುಂಬಿದ ಸೌತೆ

ಈ ವರ್ಷ ಮಾವನಿಗೆ ಸೊಂಟ ಹಿಡಿಯಿತು. ಅಜ್ಜಿ ಹೇಳಿದರು: “ಈ ಸಲ ಕಣಿ ನೀನು ಇಡು. ಹಾಳು ಮಾಡಿದೆಯೋ, ನಾನು ಇರುವವರೆಗೆ ಅದನ್ನು ಮುಟ್ಟುವ ಹಾಗಿಲ್ಲ.”

“ಇವನು ದೇವರ ಮಣೆಗೂ ಬೋಟಿನ ನಂಬರು ಬರೆಯುತ್ತಾನೆ, ನೋಡಿ” ಎಂದರು ಮಾವ, ಮಲಗಿದಲ್ಲಿಂದಲೇ.

ಕಣಿಗೆ ಚಿನ್ನದ ಬಣ್ಣದ ಸೌತೆ ಆಗಬೇಕು. ಸಿಕ್ಕಿದ್ದೆಲ್ಲ ಅರ್ಧ ಹಸಿರು. ಹಳೆಯ ಪೇಪರು ಪದರ ಪದರವಾಗಿ ಅಂಟಿಸಿ, ಒಣಗಿಸಿ, ಬಣ್ಣ ಕೊಟ್ಟು ನಾನೇ ಒಂದು ಮಾಡಿದೆ. ಗೀರು, ತೊಟ್ಟು, ಎಲ್ಲ ಹಾಗೆಯೇ. ಹೊಲದಲ್ಲಿಟ್ಟರೆ ಬಳ್ಳಿಯೇ ಬಂದು ಅಂಟಿಕೊಳ್ಳಬೇಕು.

ಹಬ್ಬಕ್ಕೆಂದು ಕಾರ್ಕಳದಿಂದ ಬಂದ ದೊಡ್ಡಮ್ಮ ಮಧ್ಯಾಹ್ನ ಅದನ್ನು ಸಾಂಬಾರಿಗೆಂದು ಎತ್ತಿಕೊಂಡು ಹೋದರು. ನಾನು ಅಡುಗೆಮನೆಗೆ ಓಡುವಾಗ ಸೌತೆ ಎರಡು ತುಂಡು, ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಒಂದು ತುಂಡಿನ ಒಳಗೆ ಬಗ್ಗಿದ್ದರು.

“ದೊಡ್ಡಮ್ಮಾ, ಅದು ಕಣಿಗೆ ಮಾಡಿದ್ದು ಮಾರ್ರೆ!”

“ಇರು ಮಾರಾಯ” ಎಂದರು ತಲೆ ಎತ್ತದೆ. “ಸೊಸೆ ಓಡಿಹೋದಲ್ಲಿಯವರೆಗೆ ಓದಿದ್ದೇನೆ. ಆ ಇನ್ನೊಂದು ತುಂಡು ಕೊಡು.”

ಮೊದಲ ನೋಟ

ಆದರೂ ಕಣಿ ಇಟ್ಟೆ. ಅಕ್ಕಿಯಲ್ಲಿ ತಾವರೆ, ಅದರ ಸುತ್ತ ಎಣ್ಣೆ ಸವರಿದ ಗುಳ್ಳ ಬದನೆಗಳ ಗೋಪುರ, ಮೇಲೆ ಅಮ್ಮನ ಸರ. ಅಂಗೈಯಗಲದ ಕನ್ನಡಿ ಇಡುವುದು ಮಾವನ ಕಾಲಕ್ಕಾಯಿತು. ನಾನು ಕಪಾಟಿನ ಬಾಗಿಲಿನದ್ದೇ ಬಿಚ್ಚಿ ತಂದೆ. ಅಜ್ಜಿ ಮಣೆಯ ಮೇಲೆ ಕೂತು ನೋಡುವವರಲ್ವಾ, ಅದಕ್ಕೆ ಸ್ವಲ್ಪ ಮುಂದಕ್ಕೆ ಬಾಗಿಸಿ ಕಟ್ಟಿದೆ. ಬೆಕ್ಕು ಬಂದು ಬೀಳಿಸಬಾರದೆಂದು ಎದುರಿನ ಗೋಡೆಯ ಬುಡದಲ್ಲಿ ಚಾಪೆ ಹಾಕಿ ನಾನೇ ಕಾವಲು ಮಲಗಿದೆ. ಸೊಳ್ಳೆ ಎಂದರೆ ಸೊಳ್ಳೆ. ಉಟ್ಟ ಲುಂಗಿಯನ್ನೇ ತಲೆಯವರೆಗೆ ಎಳೆದುಕೊಂಡೆ.

ಎಲ್ಲರಿಗಿಂತ ಮೊದಲು ಎದ್ದು ಎಬ್ಬಿಸಬೇಕಾದವನು ನಾನು. ಎಚ್ಚರವೇ ಆಗಲಿಲ್ಲ.

ಯಾರೋ ನಗು ತಡೆದುಕೊಳ್ಳುವ ಶಬ್ದ ಕೇಳಿ ಲುಂಗಿ ಸರಿಸಿ ನೋಡಿದೆ. ನನಗೆ ಬೆನ್ನು ಹಾಕಿ ಅಜ್ಜಿ ಮಣೆಯ ಮೇಲೆ. ಅವರ ಹಿಂದೆ ಮಾವ, ಅಮ್ಮ, ಬಾಯಿಗೆ ಸೆರಗು ತುರುಕಿದ ದೊಡ್ಡಮ್ಮ. ಎಲ್ಲರೂ ಕೈಮುಗಿದಿದ್ದರು. ಎದುರಿನ ಕನ್ನಡಿಯಲ್ಲಿ ಅಕ್ಕಿ ಇಲ್ಲ, ಗುಳ್ಳ ಇಲ್ಲ, ಚಿನ್ನ ಇಲ್ಲ. ಸೊಂಟದಿಂದ ಕೆಳಗೆ ಪೂರ್ತಿ ನಾನೇ.

“ಅಮ್ಮಾ, ಮೊದಲು ಕಣ್ಣು ಬಿಟ್ಟದ್ದು ನೀವಲ್ವಾ? ನಮಗೆ ಹೇಳಬಾರದಿತ್ತಾ?” ಎಂದು ಮಾವ ಅಜ್ಜಿಯ ಮೇಲೆ ರೇಗಿದರು.

“ನನಗೊಬ್ಬಳಿಗೇ ಎಂತಕ್ಕೆ ಆ ಕರ್ಮ? ಎಲ್ಲರೂ ನೋಡಲಿ ಅಂತ ಸುಮ್ಮನಿದ್ದೆ.”

“ಇನ್ನು ಇವನ ಕೈಗೆ ಕಣಿ ಕೊಡುವುದುಂಟಾ?”

ಅಜ್ಜಿ ಕನ್ನಡಿಯಿಂದ ಕಣ್ಣು ಇಳಿಸಿ ಅಕ್ಕಿಯ ತಾವರೆ ನೋಡಿದರು. ಗುಳ್ಳದ ಗೋಪುರವನ್ನು ಮೆಲ್ಲ ಮುಟ್ಟಿದರು. ನಾನು ಲುಂಗಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಉಸಿರೂ ಹಿಡಿದುಕೊಂಡು ನಿಂತಿದ್ದೆ.

“ಕಣಿ ಚಂದ ಉಂಟು” ಎಂದರು. “ಇನ್ನು ಮುಂದೆ ಇವನೇ ಇಡಲಿ.”

ಮತ್ತೆ ಮಾವನ ಕಡೆ ತಿರುಗಿ, “ನೀನು ಬೇಸರ ಮಾಡಬೇಡ. ನಿನಗೂ ಕೆಲಸ ಉಂಟು. ಹಿಂದಿನ ದಿನ ಇವನಿಗೆ ಚಡ್ಡಿ ಹಾಕಿಸುವುದು ನೀನು” ಎಂದರು.