ತೆನೆ ಕಚ್ಚಿಸಿ ವರ ನೋಡಿದ ಕಾಕಾ

ನಮ್ಮ ಕಾಕಾನನ್ನು ನೀವು ನೋಡಿಲ್ಲ ತಾನೆ? ನಿಮ್ಮ ಪುಣ್ಯ! ನೋಡಿದ್ದರೆ ಇಷ್ಟು ಹೊತ್ತಿಗೆ ಅವರ ಕೈಯಲ್ಲಿ ಫೇಲಾಗಿರುತ್ತಿದ್ದಿರಿ. ಯಾವ ವಿಷಯದಲ್ಲಿ ಅಂತೀರಾ? ಮೆಕ್ಕೆಜೋಳದ ತೆನೆ ತಿನ್ನುವ ವಿಷಯದಲ್ಲಿ. ನಗಬೇಡಿ. ತೆನೆ ಸುಡಲು ಬರುವವರು ಈ ಭೂಮಿಯ ಮೇಲೆ ಒಬ್ಬರೇ, ಅದು ತಾವು. ತಿನ್ನಲು ಬರುವವರು ಇನ್ನೂ ಹುಟ್ಟಬೇಕಷ್ಟೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ನಾವು ಮೂಲತಃ ಬೀದರ್ ಕಡೆಯವರು. ಅಪ್ಪ ನಾಸಿಕದಲ್ಲಿ ಬಟ್ಟೆ ಅಂಗಡಿ ಇಟ್ಟರು, ಕಾಕಾ ಔರಂಗಾಬಾದಿನಲ್ಲಿ ಸರ್ಕಾರಿ ಗುಮಾಸ್ತರಾದರು. ನನಗೆ ಎಂಟು ವರ್ಷವಾದಾಗ ಅಪ್ಪ ತೀರಿಕೊಂಡರು. ಅಂಗಡಿಯಲ್ಲಿ ಅವ್ವ ಕೂತಳು. ಮದುವೆಯ ಗೋಜಿಗೇ ಹೋಗದ ಕಾಕಾ, ಔರಂಗಾಬಾದಿನಲ್ಲಿ ಒಂದೇ ಕೋಣೆಯಲ್ಲಿ ಇದ್ದುಕೊಂಡೇ, ನಮ್ಮ ಮನೆಗೆ ಹಿರಿಯ ಗಂಡಸಾದರು. ಹಿರಿತನ ಅಂದರೆ ಏನು? ಮಳೆಗಾಲದಲ್ಲಿ ತಿಂಗಳಿಗೆರಡು ಸಲ ಒಂದು ಚೀಲ ತೆನೆ ಮತ್ತು ಒಂದು ಕಬ್ಬಿಣದ ಸಿಗಡಿ, ಅಂದರೆ ಇದ್ದಿಲ ಒಲೆ, ಹೊತ್ತು ನಾಸಿಕಕ್ಕೆ ಬರುವುದು!

ಹೌದು ಸ್ವಾಮಿ, ಸಿಗಡಿ. ನಾಸಿಕದಲ್ಲಿ ಸಿಗಡಿ ಇರಲಿಲ್ಲವೇ? ಮನೆಗೆರಡಿದ್ದವು. "ಅದು ಚಾ ಕುದಸೋ ಸಿಗಡಿ, ಇದರ ಉಸಿರೇ ಬ್ಯಾರೆ," ಎನ್ನುತ್ತಿದ್ದರು. ತೆನೆಯೂ ಅಷ್ಟೇ, ಗೋದಾವರಿ ದಂಡೆಯಲ್ಲಿ ರಾಶಿ ಹಾಕಿ ಮಾರುತ್ತಿದ್ದರೂ ಅವರಿಗೆ ಔರಂಗಾಬಾದಿನ ಹತ್ತಿರ ಬಿಡಕಿನ್ ಕಡೆಯ ಒಂದು ಹೊಲದ್ದೇ ಆಗಬೇಕು. ಬೆಳಗಾಗುತ್ತಲೇ ಹೊಲಕ್ಕೆ ಹೋಗಿ ಮುರಿದುಕೊಂಡು, ಅಲ್ಲಿಂದ ಓಟ. ಮುರಿದ ಘಳಿಗೆಯಿಂದ ತೆನೆಯ ಸಿಹಿ ಸೋರಿಹೋಗುತ್ತದಂತೆ. ರೈಲು ಹತ್ತು ನಿಮಿಷ ತಡವಾದರೆ ಮನೆಯಲ್ಲಿ ಯಾರಿಗೋ ವಿಪರೀತ ಕಾಯಿಲೆ ಎಂಬಂತೆ ಸ್ಟೇಷನ್ನಿನಲ್ಲಿ ಓಡಾಡುತ್ತಿದ್ದರು.

ಒಮ್ಮೆ ಮನಮಾಡಿನಲ್ಲಿ ಗಾಡಿ ಬದಲಿಸಬೇಕಾದಾಗ ನಾಸಿಕದ ಗಾಡಿ ಎರಡು ಗಂಟೆ ತಡವೆಂದರು. ಸಿಹಿ ಸೋರಿಹೋಗುವುದನ್ನು ಕೈಕಟ್ಟಿ ನೋಡುವವರೇ ನಮ್ಮ ಕಾಕಾ? ಪ್ಲಾಟ್‌ಫಾರ್ಮಿನ ಮೇಲೇ ಸಿಗಡಿ ಹೊತ್ತಿಸಿಬಿಟ್ಟರು! ರೈಲ್ವೆ ಪೊಲೀಸ್ ಓಡಿ ಬಂದ. "ಕಾಯ್ ಚಾಲ್ಲಂಯ್ ಹೇ?" ಏನು ನಡೆಸಿದ್ದೀಯ ಇಲ್ಲಿ ಎಂದು ಗದರಿಸಿದ. ಕಾಕಾ ತಲೆ ಎತ್ತದೆ, "ಥಾಂಬಾ, ತಡೀ ಸ್ವಲ್ಪ, ಇನ್ನೂ ಕೆಂಡದ ಮ್ಯಾಲ ಬೂದಿ ಕೂತಿಲ್ಲ," ಎಂದರಂತೆ ಅರ್ಧ ಮರಾಠಿ, ಅರ್ಧ ಬೀದರ್ ಭಾಷೆಯಲ್ಲಿ. ಕಾಲು ಗಂಟೆಯ ಮೇಲೆ ಪೊಲೀಸಪ್ಪ ಲಾಠಿ ಕಂಕುಳಲ್ಲಿ ಸಿಕ್ಕಿಸಿಕೊಂಡು ತೆನೆ ಕಡಿಯುತ್ತಿದ್ದ. ಕಾಕಾ ಅವನಿಗೆ ತೆನೆ ಹಿಡಿಯುವ ಕ್ರಮ ಸರಿಯಿಲ್ಲವೆಂದು ಬೈಯುತ್ತಿದ್ದರು. ಹೀಗೇ ಎರಡು ಗಂಟೆ ಕಳೆದು ಗಾಡಿ ಬಂತು, ಹೋಯಿತು. ಇಬ್ಬರಿಗೂ ಗೊತ್ತಾಗಲಿಲ್ಲ!

ಇಂಥವರು ಸುಡುತ್ತಿದ್ದ ತೆನೆ ಹೇಗಿರುತ್ತಿತ್ತು ಎಂದು ಕೇಳಬೇಡಿ. ಕೇಳಿದರೆ ನಿಜ ಹೇಳಬೇಕಾಗುತ್ತದೆ, ಮತ್ತು ನಿಜ ಏನೆಂದರೆ ಅಂಥ ತೆನೆ ನಾನು ಮತ್ತೆಲ್ಲೂ ತಿಂದಿಲ್ಲ. ಸಿಪ್ಪೆಯನ್ನು ಕೀಳದೆ ಹಿಂದಕ್ಕೆ ಮಡಚಿ ಹಿಡಿಕೆ ಮಾಡುವರು. ಕೆಂಡ ಮಂಕಾಗುವವರೆಗೆ ಕಾಯುವರು. ಕಾಳು ಚಟ್ ಎಂದಾಗ ಒಂದು ಸುತ್ತು, ಮತ್ತೆ ಚಟ್ ಎಂದಾಗ ಇನ್ನೊಂದು. ಕೊನೆಗೆ ಅರ್ಧ ನಿಂಬೆಹಣ್ಣನ್ನು ಉಪ್ಪು ಖಾರದಲ್ಲಿ ಅದ್ದಿ ಉಜ್ಜಿ, ಮೊದಲ ತೆನೆ ನನಗೆ. ಯಾವಾಗಲೂ ನನಗೇ. ಇಷ್ಟು ಹೊಗಳಿದ್ದು ಸಾಕು, ಇನ್ನು ಬೈಗುಳಕ್ಕೆ ಬರೋಣ.

ನನಗೆ ಇಪ್ಪತ್ತು ತುಂಬಿತು. ಅವ್ವ ವರ ನೋಡಲು ಶುರು ಮಾಡಿದಳು. ಆಗ ಕಾಕಾ ಒಂದು ಫರ್ಮಾನು ಹೊರಡಿಸಿದರು: ಹುಡುಗ ಯಾರೇ ಇರಲಿ, ಬರುವುದು ತೆನೆಯ ಹಂಗಾಮಿನಲ್ಲೇ ಬರಬೇಕು. ಮನುಷ್ಯನ ಗುಣವೆಲ್ಲ ಅವನು ತೆನೆ ತಿನ್ನುವುದರಲ್ಲಿ ಗೊತ್ತಾಗುತ್ತದಂತೆ! ಉಳಿದವರ ಮನೆಯಲ್ಲಿ ಮುಹೂರ್ತ ನೋಡುತ್ತಾರೆ, ನಮ್ಮ ಮನೆಯಲ್ಲಿ ಮೆಕ್ಕೆಜೋಳ ಬಲಿಯುವುದನ್ನು ನೋಡಬೇಕಾಯಿತು.

"ವರ ನೋಡ್ತೀರೋ, ಎತ್ತಿನ ಹಲ್ಲು ನೋಡ್ತೀರೋ?" ಎಂದು ಅವ್ವ ಸಿಡುಕಿದಳು.

"ವೈನಿ, ಎತ್ತಿಗಾದ್ರ ಹಲ್ಲಷ್ಟ ನೋಡಿದ್ರ ಸಾಕು. ಇಂವಗ ನಮ್ಮ ಹುಡುಗಿ ಕೊಡಬೇಕು," ಎಂದರು ಕಾಕಾ.

ನನಗೆ ಮೊದಮೊದಲು ಇದು ಬಹಳ ಮಜವೆನ್ನಿಸಿತು. ಅದು ಹುಡುಗಿಯರನ್ನು ನಡೆಸಿ ನೋಡುವ, ಹಾಡಿಸಿ ನೋಡುವ, ಜಡೆ ಎಳೆದು ನೋಡುವ ಕಾಲ. ಒಂದು ಮನೆಯಲ್ಲಾದರೂ ಹುಡುಗನನ್ನು ಕಚ್ಚಿಸಿ ನೋಡಲಿ, ತಪ್ಪೇನು?

ಮೊದಲನೆಯವನು ಸೊಲ್ಲಾಪುರದವನು. ಪಾಪ, ಮರ್ಯಾದೆಯ ಹುಡುಗ. ತೆನೆಯನ್ನು ಒಂದು ಸಾಲು ಮುಗಿಸಿ ಮುಂದಿನ ಸಾಲು, ಟೈಪ್‌ರೈಟರಿನ ಹಾಗೆ, ಒಂದು ಕಾಳೂ ತಪ್ಪದಂತೆ ತಿಂದ. ಅವರು ಹೊರಟ ಮೇಲೆ ಕಾಕಾ ತೀರ್ಪು ಕೊಟ್ಟರು: "ಭಾಳ ಬಿಗಿ ಮನಷ್ಯಾ. ನಾಳಿ ಹೇಣ್ತಿ ನಗೂದನ್ನೂ ಅಳತಿ ಹಾಕಿ ನೋಡ್ತಾನ." ಫೇಲ್. ಒಂದು ವರ್ಷ ಹೋಯಿತು. ಮುಂದಿನ ಹಂಗಾಮಿಗೆ ಕಲಬುರಗಿಯವನು ಬಂದ. ಅವನು ಕಾಳನ್ನೆಲ್ಲ ಹೆಬ್ಬೆರಳಿನಿಂದ ಬಿಡಿಸಿ ಅಂಗೈಯಲ್ಲಿ ಗುಡ್ಡೆ ಹಾಕಿ, ಅದರಲ್ಲಿ ಅರ್ಧ ಪಕ್ಕದಲ್ಲಿದ್ದ ತನ್ನ ತಾಯಿಗೆ ಕೊಟ್ಟು ತಿಂದ. ಎಷ್ಟು ಚೆಂದ ಅಲ್ಲವೇ? ಅವ್ವನ ಕಣ್ಣು ಒದ್ದೆಯಾಯಿತು. ಕಾಕಾ ಮಾತ್ರ, "ಕಚ್ಚಲಿಕ್ಕ ಅಂಜೋ ಗಂಡಸು ಸಂಸಾರ ಹ್ಯಾಂಗ ಮಾಡ್ತಾನ?" ಎಂದುಬಿಟ್ಟರು. ಇನ್ನೊಂದು ವರ್ಷ ಹೋಯಿತು. ನನ್ನ ಓರಗೆಯವರೆಲ್ಲ ಕೂಸು ಎತ್ತಿಕೊಂಡು ತವರಿಗೆ ಬರುತ್ತಿದ್ದರು. ಓಣಿಯವರು ನನ್ನನ್ನು ನೋಡಿ ದನಿ ತಗ್ಗಿಸತೊಡಗಿದರು. ಅವ್ವ ಅಂಗಡಿಯಲ್ಲಿ ಮದುವೆ ಸೀರೆ ತೋರಿಸುವಾಗ ನಿಟ್ಟುಸಿರು ಬಿಡುತ್ತಿದ್ದಳು. ಮಜವೆಲ್ಲ ಇಳಿದುಹೋಯಿತು.

ಅಷ್ಟರಲ್ಲಿ ನನ್ನ ಎದೆಗೇ ಬಂತು ಗಂಡಾಂತರ. ನಾಸಿಕದಲ್ಲೇ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದವನೊಬ್ಬ, "ಇನ್ನೊಂದು ಹಾಕ್ಲೇನ್ರಿ?" ಎಂದ. ಬೇಡವೆಂದೆ. ಎರಡು ಹಾಕಿದ! ಹತ್ತಿರದ ನಿಫಾಡಿನ ಶಾಲೆಯಲ್ಲಿ ಮಾಸ್ತರನಂತೆ, ಮನೆತನ ಭಾಲ್ಕಿಯದಂತೆ. ಅದೇ ದಿನ ಚಪ್ಪರದ ಹೊರಗೆ ತಳ್ಳುಗಾಡಿಯವನ ಬಳಿ ಅವನು ಸುಟ್ಟ ತೆನೆ ತಿನ್ನುವುದನ್ನೂ ಕಂಡೆ. ಅಯ್ಯೋ ದೇವರೇ! ಅಲ್ಲೊಂದು ಕಡಿತ, ಇಲ್ಲೊಂದು ಕಡಿತ, ಮಸಿ ಕಿವಿಯವರೆಗೆ, ತುಂಬಿದ ಬಾಯಲ್ಲೇ ನಗು. ಕಾಕಾ ಕಂಡರೆ ಫೇಲ್ ಮಾಡುವುದಿರಲಿ, ಶಾಲೆಯಿಂದಲೇ ತೆಗೆಸಿಹಾಕುತ್ತಿದ್ದರು.

ತಿಂಗಳೊಪ್ಪತ್ತಿನಲ್ಲಿ ಆ ಮನೆಯಿಂದಲೇ ಕೇಳಿಕೊಂಡು ಬಂದರು. ಶ್ರಾವಣದ ಒಂದು ಭಾನುವಾರ ಗೊತ್ತಾಯಿತು. ತೆನೆ ಹಾಲುಗಟ್ಟುವ ಸರಿಯಾದ ಹೊತ್ತು! ನಾನು ಮರ್ಯಾದೆ ಬಿಟ್ಟು ಕಾಕಾಗೆ ಕಾಗದ ಬರೆದೆ. "ನನಗ ಈ ಹುಡುಗ ಮನಸ್ಸಿಗೆ ಬಂದಾನ. ಅವನಿಗೆ ತೆನಿ ತಿನ್ನಲಿಕ್ಕ ಬರೂದಿಲ್ಲ, ಅದು ನನಗ ಗೊತ್ತದ. ಈ ಸಲನೂ ಫೇಲ್ ಅಂದ್ರ ನಾ ಇನ್ನ ಯಾರ ಮುಂದೂ ಬಂದು ಕೂಡೂದಿಲ್ಲ. ಜನ್ಮದಾಗ ನಿಮ್ಮ ತೆನಿ ಮುಟ್ಟೂದಿಲ್ಲ." ಉತ್ತರ ಬರಲಿಲ್ಲ.

ಆ ಭಾನುವಾರ ಕಾಕಾ ಬಂದರು. ಕೈಯಲ್ಲಿ ಒಂದು ಕೊಡೆ. ಚೀಲವಿಲ್ಲ, ಸಿಗಡಿಯಿಲ್ಲ! ಅವ್ವ ಬಾಗಿಲ ಹೊರಗೆ ಇಣುಕಿ ನೋಡಿದಳು, ಎಲ್ಲಿ ಬಚ್ಚಿಟ್ಟಿದ್ದಾರೋ ಎಂದು. ಹುಡುಗ ಬಂದ, ಅವಲಕ್ಕಿ ತಿಂದ, ಸ್ವಲ್ಪ ಅಂಗಿಯ ಮೇಲೂ ಚೆಲ್ಲಿಕೊಂಡ. ಕಾಕಾ ಅವನ ತಟ್ಟೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಗೋಡೆ ನೋಡುತ್ತಾ ಎರಡು ಮಾತು ಕೇಳಿ, "ನಮ್ಮ ಕಡೀಂದ ಪಕ್ಕಾ ರೀ," ಎಂದುಬಿಟ್ಟರು. ಎರಡು ವರ್ಷ ಎಳೆದದ್ದು ಎರಡು ನಿಮಿಷದಲ್ಲಿ ಮುಗಿಯಿತು.

ಎಲ್ಲರೂ ಹೋದ ಮೇಲೆ ಹಿತ್ತಿಲ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನನಗೆ ಕುಣಿಯುವಷ್ಟು ಸಂತೋಷ, ಕೆಣಕುವ ಚಪಲ ಬೇರೆ.

"ಏನ್ ಕಾಕಾ, ಹೆದರಿಬಿಟ್ರಿ? ತೆನಿ ಯಾಕ ತರಲಿಲ್ಲ?"

"ತಂದಿದ್ರ ಇವನ್ನೂ ಫೇಲ್ ಮಾಡ್ತಿದ್ದೆ."

"ಅಷ್ಟು ಕೆಟ್ಟ ತಿಂತಾನ, ಖರೇ."

"ಹ್ಯಾಂಗ ತಿಂದ್ರೇನವ್ವಾ," ಎಂದರು. ಅವರ ದನಿ ಎಂದಿನ ಹಾಗಿರಲಿಲ್ಲ. "ಆ ಸೊಲ್ಲಾಪುರದ ಹುಡುಗ ಏನ್ ತಪ್ಪು ತಿಂದಿದ್ದ? ಕಲಬುರಗಿಯಂವ ಬಂಗಾರದಂಥಾ ಹುಡುಗ. ನೀ ಹೋದ್ರ ನಾ ಯಾರ ಸಲುವಾಗಿ ಗಾಡಿ ಹಿಡದು ಬರಬೇಕು ಅಂತ ಅವರಿಗೆ ಹಂಗಂದೆ. ಒಂದು ವರ್ಷ ಮುಂದ ಹೋಗಲಿ, ಇನ್ನೊಂದು ವರ್ಷ ಹೋಗಲಿ ಅಂತ. ನಿನ್ನ ಕಾಗದ ಬಂದ ಮ್ಯಾಲ ನಿದ್ದಿ ಬರಲಿಲ್ಲ. ನನ್ನ ತಪ್ಪಾತು, ಮಗಾ."

ಅಷ್ಟು ವರ್ಷಗಳಲ್ಲಿ ಆ ಮನುಷ್ಯ ತಪ್ಪಾಯಿತು ಎಂದದ್ದನ್ನು ನಾನು ಕೇಳಿರಲಿಲ್ಲ. ಎರಡು ವರ್ಷದಿಂದ ಕೂಡಿಟ್ಟ ಬೈಗುಳ ನನ್ನ ಬಾಯಲ್ಲಿ ತುಂಬಿತ್ತು. ಒಂದೂ ಹೊರಗೆ ಬರಲಿಲ್ಲ, ಅಳು ಬಂತು.

"ಮನಮಾಡ ಬಿಟ್ಟ ಮ್ಯಾಲ ನಿಫಾಡ ಮೊದಲು ಬರ್ತದ ಕಾಕಾ," ಎಂದೆ. "ನಾಸಿಕ ಆಮ್ಯಾಲ. ಮೊದಲು ನನ್ನ ಮನಿಗೆ ಇಳೀರಿ. ಅವ್ವನ ಕಡೆ ಆಮ್ಯಾಲ ಹೋಗೀರಂತ."

ಕಾಕಾ ನನ್ನ ತಲೆಯ ಮೇಲೆ ಕೈ ಇಟ್ಟರು, ಬಹಳ ಹೊತ್ತಿನವರೆಗೆ ತೆಗೆಯಲಿಲ್ಲ.